ಚಳಿಗಾಲ ಕಳೆದ ಮೇಲೆ ಬೋಟ್ ಕೈಕೊಟ್ಟರೆ: ದೋಷ ಎಲ್ಲಿಂದ ಹುಡುಕಬೇಕು

ಅಮೆರಿಕದ ಮಿನೆಸೋಟ ರಾಜ್ಯದ ಕೆರೆಗಳಲ್ಲಿ ಐಸ್ ಕರಗುವುದು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. ಉತ್ತರದ ಕಡೆ ಕೆಲವೊಮ್ಮೆ ಮೇ ತನಕ ಎಳೆಯುತ್ತದೆ. ಮೇ ಮಧ್ಯದ ಹೊತ್ತಿಗೆ ವಾಲೈ ಮೀನಿನ ಸೀಸನ್ ಶುರು. ಈ ನಡುವಿನ ವಾರಗಳಲ್ಲಿ ಇಲ್ಲಿ ಹೊಸದಾಗಿ ಬೋಟ್ ಕೊಂಡ ಕನ್ನಡದ ಗೆಳೆಯರು ಫೋನ್ ಮಾಡುತ್ತಾರೆ. "ಹೋದ ವರ್ಷ ಚೆನ್ನಾಗೇ ಓಡ್ತಿತ್ತು, ಈಗ ಸ್ಟಾರ್ಟೇ ಆಗ್ತಿಲ್ಲ" ಅಂತ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಅಕ್ಟೋಬರ್‌ನಲ್ಲಿ ಎತ್ತಿಡುವಾಗ ಏನೇನು ಮಾಡಿದ್ರಿ?

ತಿಂಗಳುಗಟ್ಟಲೆ ನಿಂತ ಬೋಟ್‌ನಲ್ಲಿ ಕಾಣುವ ತೊಂದರೆಗಳ ಬೇರು ಹೆಚ್ಚಾಗಿ ಎತ್ತಿಟ್ಟ ದಿನದಲ್ಲೇ ಇರುತ್ತದೆ. ಒಳಗೆ ಉಳಿದ ನೀರು, ಕೆಟ್ಟ ಪೆಟ್ರೋಲ್, ಚಾರ್ಜ್ ಇಳಿದ ಬ್ಯಾಟರಿ. ಅದಕ್ಕೇ ಇಲ್ಲಿ ಪ್ರತಿ ಲಕ್ಷಣದ ಜೊತೆಗೆ, ಅದರ ಹಿಂದೆ ಯಾವ ಕೆಲಸ ಬಿಟ್ಟುಹೋಗಿರಬಹುದು ಅನ್ನುವುದನ್ನೂ ಹೇಳುತ್ತೇನೆ. ಇಲ್ಲಿ ಮನೆಮಂದಿ ಇಟ್ಟುಕೊಳ್ಳುವ ಪೆಟ್ರೋಲ್ ಬೋಟ್‌ಗಳು ಮುಖ್ಯವಾಗಿ ಎರಡು ಬಗೆ. ಒಂದು, ಹಿಂದುಗಡೆ ಹೊರಗೆ ಎಂಜಿನ್ ನೇತುಹಾಕಿದ ಔಟ್‌ಬೋರ್ಡ್. ಇನ್ನೊಂದು, ಬೋಟ್ ಒಳಗೆ ಎಂಜಿನ್ ಇದ್ದು, ಹೊರಗೆ ಡ್ರೈವ್ ಮಾತ್ರ ಇರುವ ಸ್ಟರ್ನ್‌ಡ್ರೈವ್. ಈ ಬರಹ ಇವೆರಡರ ಬಗ್ಗೆ. ಡೀಸೆಲ್ ಎಂಜಿನ್ನಿನ ದಾರಿ ಬೇರೆ, ಅದನ್ನು ಇಲ್ಲಿ ತಂದಿಲ್ಲ.

ಕೀ ತಿರುಗಿಸುವ ಮೊದಲು

ಟಾರ್ಪಾಲು ತೆಗೆದ ತಕ್ಷಣ ಎಲ್ಲರ ಕೈ ಹೋಗುವುದು ಕೀ ಕಡೆಗೆ. ದಯವಿಟ್ಟು ತಡೆಯಿರಿ. ಸಿಲಿಂಡರ್ ಒಳಗೆ ನೀರು ನಿಂತಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಯಿಲ್‌ಗೆ ನೀರು ಸೇರಿದ್ದರೆ ಕೆಲವೇ ನಿಮಿಷದ ಓಟದಲ್ಲಿ ಬೇರಿಂಗ್‌ಗಳು ಹಾಳಾಗುತ್ತವೆ. ಮೊದಲು ಕಣ್ಣಿಂದ ನೋಡುವ ಕೆಲಸ ಮುಗಿಯಲಿ.

ಫೋರ್‌ಸ್ಟ್ರೋಕ್ ಎಂಜಿನ್ (ಪೆಟ್ರೋಲ್‌ಗೆ ಆಯಿಲ್ ಬೆರೆಸದೆ, ಬೇರೆಯಾಗಿ ಹಾಕುವ ಬಗೆ) ಆದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆಯಿರಿ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಅಲ್ಲಿಗೆ ನಿಲ್ಲಿಸಿ, ಸ್ಟಾರ್ಟ್ ಮಾಡುವ ಮಾತೇ ಬೇಡ. ಬಣ್ಣ ಸರಿಯಾಗಿದ್ದು ಮಟ್ಟ ಮಾತ್ರ ಏರಿದ್ದರೆ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಇಂಧನ ಸೋರಿ ಆಯಿಲ್‌ಗೆ ಬೆರೆತಿದೆ. ಇನ್ನೊಂದು ವಿಷಯ. ಆಯಿಲ್ ಹಾಕುವ ಮುಚ್ಚಳದ ಒಳಭಾಗದಲ್ಲಿ ಮಾತ್ರ ಸ್ವಲ್ಪ ಬಿಳಿ ನೊರೆ ಕಂಡು, ಡಿಪ್‌ಸ್ಟಿಕ್ ಮೇಲಿನ ಆಯಿಲ್ ಸ್ವಚ್ಛವಾಗಿದ್ದರೆ ಗಾಬರಿ ಬೇಡ. ತಂಪಿನಲ್ಲಿ ಸ್ವಲ್ಪಸ್ವಲ್ಪ ಓಡಿಸಿದ ಎಂಜಿನ್‌ನಲ್ಲಿ ಆವಿ ಕೂತು ಹಾಗಾಗುತ್ತದೆ.

ಆಮೇಲೆ ಕೆಳಗಿನ ಗೇರ್‌ಕೇಸ್, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಗೇರ್‌ಗಳ ಪೆಟ್ಟಿಗೆ. ಅದರ ಕೆಳಗಿನ ಸ್ಕ್ರೂ ನಿಧಾನವಾಗಿ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ಹಾಗಾಗಿ ಒಳಗೆ ನೀರಿದ್ದರೆ ಮೊದಲು ಹೊರಬರುವುದು ಅದೇ. ನೀರು ಬಂದರೆ ಪ್ರೊಪೆಲ್ಲರ್ ಕಳಚಿ ಶಾಫ್ಟ್ ನೋಡಿ. ಗಾಳದ ನೈಲಾನ್ ದಾರ ಸುತ್ತಿಕೊಂಡು ಸೀಲ್ ಕೊಯ್ದಿರುವುದು ಮೀನು ಹಿಡಿಯುವವರ ಬೋಟ್‌ಗಳಲ್ಲಿ ತುಂಬಾ ಸಾಮಾನ್ಯ. ಕೆಲವೊಮ್ಮೆ ದೋಷ ಇನ್ನೂ ಚಿಕ್ಕದು: ಸ್ಕ್ರೂ ಕೆಳಗಿನ ವಾಷರ್ ಹಳತಾಗಿರುತ್ತದೆ, ಅಷ್ಟೇ. ಪ್ರತಿ ಸಲ ಹೊಸ ವಾಷರ್ ಹಾಕಿ, ತೀರಾ ಕಡಿಮೆ ಬೆಲೆಯ ವಸ್ತು. ಹೊಸ ಗೇರ್ ಆಯಿಲ್ ತುಂಬಿಸುವುದು ಕೆಳಗಿನ ತೂತಿನಿಂದ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಉಕ್ಕುವ ತನಕ. ಮೇಲಿಂದ ಸುರಿದರೆ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ.

ಕೊನೆಗೆ ಎಂಜಿನ್ ಮುಚ್ಚಳ ಎತ್ತಿ ಟಾರ್ಚ್ ಹಿಡಿದು ಸುತ್ತ ನೋಡಿ. ಇಲಿ ಗೂಡು ಕಟ್ಟಿದೆಯಾ, ವೈರ್ ಕಡಿದಿದೆಯಾ, ಪೆಟ್ರೋಲ್ ಪೈಪ್ ಒತ್ತಿದರೆ ಬಿರುಕು ಬಿಡುತ್ತದೆಯಾ ಅಂತ.

ನೀರು ಮಾಡುವ ಹಾನಿ

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ನಿಜವಾಗಿ ಹೆದರಬೇಕಾದದ್ದು ಇದೊಂದಕ್ಕೇ. ಮಿಕ್ಕ ದೋಷಗಳು ಕೆಲವು ನೂರು ಡಾಲರ್‌ನಲ್ಲಿ ಸರಿಹೋಗುತ್ತವೆ. ಇದು ಎಂಜಿನ್ನನ್ನೇ ತೆಗೆದುಕೊಂಡು ಹೋಗಬಹುದು.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣಕ್ಕೆ ಅದನ್ನು ತಡೆಯುವ ಶಕ್ತಿಯಿಲ್ಲ, ಸೀಳಿಬಿಡುತ್ತದೆ. ಮಿನೆಸೋಟದ ಟವರ್ ಎಂಬ ಊರಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಅಷ್ಟು ಬೇಡ, ಮೈನಸ್ 25 ಇಲ್ಲಿ ಮಾಮೂಲು.

ಔಟ್‌ಬೋರ್ಡ್‌ಗೆ ಈ ಅಪಾಯ ಕಡಿಮೆ. ನೆಟ್ಟಗೆ ಇಳಿಸಿ ನಿಲ್ಲಿಸಿದರೆ ಅದರ ನೀರು ತಾನಾಗಿ ಸೋರಿಹೋಗುತ್ತದೆ. ಮೇಲಕ್ಕೆತ್ತಿ ಬಿಟ್ಟರೆ ಮಾತ್ರ ಪ್ರೊಪೆಲ್ಲರ್ ನಡುವಿನ ಎಕ್ಸಾಸ್ಟ್ ದಾರಿಯಲ್ಲಿ ಮಳೆ, ಹಿಮ ತುಂಬಿ ಹೆಪ್ಪುಗಟ್ಟಿ ಗೇರ್‌ಕೇಸ್ ಒಡೆಯುತ್ತದೆ. ಸ್ಟರ್ನ್‌ಡ್ರೈವ್ ಕತೆ ಬೇರೆ. ಅಂಥ ಹೆಚ್ಚಿನ ಎಂಜಿನ್‌ಗಳಲ್ಲಿ ಕೆರೆಯ ನೀರೇ ಬ್ಲಾಕ್ (ಎಂಜಿನ್ನಿನ ಎರಕದ ಒಡಲು) ಒಳಗೆ ಓಡಾಡಿ ತಂಪು ಮಾಡುತ್ತದೆ. ಬೋಟ್ ಎತ್ತಿದ ಮೇಲೂ ಬ್ಲಾಕ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಎರಕದ ಕೊಳವೆ), ಪೈಪ್‌ಗಳಲ್ಲಿ ಅದು ನಿಂತಿರುತ್ತದೆ. ಡ್ರೈನ್ ಪ್ಲಗ್‌ಗಳನ್ನು ಒಂದೊಂದಾಗಿ ತೆಗೆದು ಬಸಿಯಬೇಕು.

ಇಲ್ಲೇ ಜನ ಮೋಸಹೋಗುವುದು. ಪ್ಲಗ್ ತೆಗೆದರು, ನಾಲ್ಕು ಹನಿ ಬಿತ್ತು, ನಿಂತಿತು. ಖಾಲಿಯಾಯಿತು ಅಂದುಕೊಳ್ಳುತ್ತಾರೆ. ನಿಜಕ್ಕೂ ತುಕ್ಕಿನ ಚೂರುಗಳು ಒಳಗಿಂದ ತೂತಿಗೆ ಅಡ್ಡ ಕೂತಿರುತ್ತವೆ, ಲೀಟರ್‌ಗಟ್ಟಲೆ ನೀರು ಹಿಂದೆ ಹಾಗೇ ಉಳಿದಿರುತ್ತದೆ. ಒಂದು ತಂತಿ ಅಥವಾ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಕೆದಕಿ. ನೀರು ಬುಳಕ್ಕನೆ ಹೊರಗೆ ಬಂದರೆ ನಿಮ್ಮ ಎಂಜಿನ್ ಉಳಿಯಿತು ಅಂತಲೇ ಲೆಕ್ಕ.

ಎರಡನೆಯ ಮೋಸ, ಹೆಪ್ಪುಗಟ್ಟದಂತೆ ಎಂಜಿನ್‌ಗೆ ತುಂಬುವ ಗುಲಾಬಿ ಬಣ್ಣದ ದ್ರವ, ಆಂಟಿಫ್ರೀಜ್‌ನದ್ದು. ಡಬ್ಬಿ ಮೇಲೆ ಮೈನಸ್ 50 ಎಂದಿರುತ್ತದೆ, ಅದು ಫ್ಯಾರನ್‌ಹೀಟ್. ಅದು ಪೈಪ್ ಒಡೆಯದಂತೆ ಕಾಯುವ ಮಟ್ಟ. ದ್ರವ ಅದಕ್ಕೆ ಎಷ್ಟೋ ಮೊದಲೇ ಗಂಜಿಯಂತೆ ಗಟ್ಟಿಯಾಗಲು ಶುರುವಾಗಿರುತ್ತದೆ. ಒಳಗೆ ಉಳಿದ ನೀರಿನ ಜೊತೆ ಬೆರೆತರೆ ಆ ರಕ್ಷಣೆ ಇನ್ನೂ ಕುಗ್ಗುತ್ತದೆ. ಕೆಳಗಿನಿಂದ ಎಂಜಿನ್‌ಗೆ ಎಳೆಸಿ ತುಂಬುವವರು ಇನ್ನೊಂದು ಗಮನಿಸಬೇಕು. ಎಂಜಿನ್ ತಣ್ಣಗಿದ್ದರೆ, ಬಿಸಿಯಾದಾಗ ಮಾತ್ರ ತೆರೆಯುವ ವಾಲ್ವ್ ಆದ ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಆಂಟಿಫ್ರೀಜ್ ಬ್ಲಾಕ್‌ಗೆ ಹೋಗದೆ ನೇರ ಎಕ್ಸಾಸ್ಟ್‌ನಿಂದ ಹೊರಬರುತ್ತದೆ. ಹಿಂದೆ ಗುಲಾಬಿ ಬಣ್ಣ ಕಂಡು ಕೆಲಸ ಮುಗಿಯಿತು ಅಂದುಕೊಂಡರೆ ಬ್ಲಾಕ್‌ನಲ್ಲಿ ಕೆರೆ ನೀರು ಹಾಗೇ ಇರುತ್ತದೆ. ಮೊದಲು ಪೂರ್ತಿ ಬಸಿದು, ಆಮೇಲೆ ಮೇಲಿನ ಪೈಪ್ ಬಿಚ್ಚಿ ಸುರಿಯುವುದೇ ನನಗೆ ಒಪ್ಪಿಗೆಯಾದ ಕ್ರಮ. ಪ್ರೊಪಿಲೀನ್ ಗ್ಲೈಕಾಲ್ ಇರುವುದನ್ನೇ ಕೊಳ್ಳಿ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ವಸಂತದಲ್ಲಿ ಅದು ಹೋಗಿ ಸೇರುವುದು ಕೆರೆಗೇ ಅಲ್ವಾ.

ಒಡೆದಿದೆಯಾ ಅಂತ ತಿಳಿಯುವುದು ಹೇಗೆ? ಬ್ಲಾಕ್‌ನ ಪಕ್ಕಗಳಲ್ಲಿ, ಮ್ಯಾನಿಫೋಲ್ಡ್ ಕೆಳಗೆ ಉದ್ದಕ್ಕೆ ಹೋಗುವ ತೆಳು ಗೆರೆ, ತುಕ್ಕಿನ ಅಥವಾ ಗುಲಾಬಿ ಕಲೆ ಇದೆಯಾ ನೋಡಿ. ಬ್ಲಾಕ್‌ನಲ್ಲಿ ತಟ್ಟೆಯಾಕಾರದ ಲೋಹದ ಬಿರಡೆಗಳಿರುತ್ತವೆ. ಅವು ಹೊರಗೆ ತಳ್ಳಿಕೊಂಡಿದ್ದರೆ ಒಳಗೆ ಐಸ್ ಆಗಿತ್ತು ಎಂದೇ ಅರ್ಥ. ಬಿರಡೆ ಹೊರಬಂತು, ಬ್ಲಾಕ್ ಉಳಿಯಿತು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅವು ಇರುವುದು ಎರಕ ಹೊಯ್ಯುವಾಗಿನ ತೂತು ಮುಚ್ಚಲು, ಅವು ಕಳಚಿದ ಎಂಜಿನ್‌ನಲ್ಲೂ ಬಿರುಕು ಇರಬಹುದು. ಹೊರಗೆ ಏನೂ ಕಾಣದೆ ಆಯಿಲ್ ಸ್ವಚ್ಛವಾಗಿದ್ದರೂ ಅನುಮಾನ ಉಳಿದರೆ ಮೆಕ್ಯಾನಿಕ್ ಹತ್ತಿರ ಕೂಲಿಂಗ್ ದಾರಿಯ ಪ್ರೆಶರ್ ಟೆಸ್ಟ್ ಮಾಡಿಸಿ. ಹಳೆಯ ಸ್ಟರ್ನ್‌ಡ್ರೈವ್ ಬೋಟನ್ನು ಚಳಿಗಾಲದಲ್ಲಿ ಅಗ್ಗಕ್ಕೆ ಕೊಳ್ಳುವವರಂತೂ ಇದನ್ನು ಮಾಡಿಸದೆ ಹಣ ಕೊಡಲೇಬೇಡಿ.

ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಮೊದಲು ಕೆಂಪು ಕಿಲ್ ಸ್ವಿಚ್ ದಾರದ (ಎಳೆದರೆ ಎಂಜಿನ್ ನಿಲ್ಲಿಸುವ ದಾರ) ಕ್ಲಿಪ್ ಜಾಗದಲ್ಲಿದೆಯಾ ನೋಡಿ. ಚಳಿಗಾಲಕ್ಕೆ ಯಾರೋ ತೆಗೆದಿಟ್ಟಿರುತ್ತಾರೆ, ಮರೆತುಹೋಗಿರುತ್ತದೆ. ಸ್ಟರ್ನ್‌ಡ್ರೈವ್ ಆದರೆ ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಕೋಣೆಯ ಗಾಳಿ ಹೊರಹಾಕುವ ಫ್ಯಾನ್, ಬ್ಲೋವರ್, ಕನಿಷ್ಠ 4 ನಿಮಿಷ ಓಡಲಿ. ಎಂಜಿನ್ ಕೋಣೆಯಲ್ಲಿ ಪೆಟ್ರೋಲ್ ಆವಿ ಇದ್ದರೆ ಒಂದು ಕಿಡಿ ಸಾಕು. ಮೂಗಿಗೆ ಪೆಟ್ರೋಲ್ ವಾಸನೆ ಬಂದರೆ ಬ್ಲೋವರ್ ಓಡಿದ್ದರೂ ಕೀ ಮುಟ್ಟಬೇಡಿ, ಸೋರಿಕೆ ಹುಡುಕಿ. ಮುಚ್ಚಿದ ಗ್ಯಾರೇಜ್‌ನಲ್ಲಿ ಯಾವ ಎಂಜಿನ್ನೂ ಓಡಿಸಬೇಡಿ.

ಈಗ ಸ್ಪಾರ್ಕ್ ಪ್ಲಗ್ ಒಂದನ್ನು ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಇಲ್ಲ ಅಥವಾ ಪ್ಲಗ್ ಮುಳುಗಿದೆ. ಎತ್ತಿಡುವಾಗ ಸಿಲಿಂಡರ್‌ಗೆ ತುಕ್ಕು ತಡೆಯುವ ಫಾಗಿಂಗ್ ಆಯಿಲ್ ಹೊಡೆದಿದ್ದರೆ ಪ್ಲಗ್‌ಗಳಿಗೆ ಎಣ್ಣೆ ಹಿಡಿದಿರುತ್ತದೆ. ಒರೆಸಿ ಹಾಕಿ, ಇಲ್ಲವೇ ಹೊಸದು ಹಾಕಿ. ಅಂಥ ಎಂಜಿನ್ ಹಿಡಿದ ಮೇಲೆ ಕೆಲವು ನಿಮಿಷ ದಟ್ಟ ಹೊಗೆ ಬಿಡುವುದು ಸಹಜ. ಕಿಡಿ ನೋಡಲು ವೈರ್‌ಗೆ ಜೋಡಿಸುವ ಟೆಸ್ಟರ್ ಬಳಸಿ. ಪ್ಲಗ್ಗನ್ನು ಎಂಜಿನ್‌ಗೆ ತಾಗಿಸಿ ಕಿಡಿ ಹಾರಿಸುವುದು ಪೆಟ್ರೋಲ್ ಪಕ್ಕದಲ್ಲಿ ಮಾಡುವ ಕೆಲಸವಲ್ಲ.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ಜಾಡು ಹಿಡಿಯಬೇಕು. ಔಟ್‌ಬೋರ್ಡ್‌ಗೆ ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಒಂದು ಸಣ್ಣ ಕೈಟ್ಯಾಂಕ್‌ನಲ್ಲಿ ಹೊಸ ಪೆಟ್ರೋಲ್ ಹಾಕಿ, ಅದರದ್ದೇ ಪೈಪ್‌ನಿಂದ ನೇರ ಎಂಜಿನ್‌ಗೆ ಕೊಡಿ. ಚೆನ್ನಾಗಿ ಓಡಿದರೆ ದೋಷ ಬೋಟ್‌ನ ಟ್ಯಾಂಕ್, ಪೈಪ್, ಫಿಲ್ಟರ್ ಕಡೆಗಿದೆ. ಆಗಲೂ ಹಿಡಿಯದಿದ್ದರೆ ದೋಷ ಎಂಜಿನ್ ಒಳಗೇ ಇದೆ. ಇದೊಂದು ಪರೀಕ್ಷೆ ಅರ್ಧ ಹುಡುಕಾಟ ಉಳಿಸುತ್ತದೆ. ಯಾರಾದರೂ ನೇರ ಕಾರ್ಬೊರೇಟರ್ ಬಿಚ್ಚಲು ಕೂತರೆ ನಾನು ತಡೆಯುವುದು ಇದಕ್ಕೇ.

ಪೈಪ್ ನಡುವಿನ ರಬ್ಬರ್ ಬಲ್ಬ್ ಕೂಡ ಬಹಳ ಹೇಳುತ್ತದೆ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಬಲ್ಬ್‌ನ ವಾಲ್ವ್ ಹೋಗಿದೆ, ಅಥವಾ ಟ್ಯಾಂಕ್ ಖಾಲಿ. ಎಂಜಿನ್ ಓಡುವಾಗ ಬಲ್ಬ್ ಚಪ್ಪಟೆಯಾಗಿ ಹೀರಿಕೊಂಡರೆ ಅಡ್ಡಿ ಟ್ಯಾಂಕ್ ಕಡೆಗಿದೆ. ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ. ಬೋಟ್‌ನಲ್ಲೇ ಕೂರಿಸಿದ ಟ್ಯಾಂಕ್ ಆದರೆ ಅದರಿಂದ ಎಂಜಿನ್ ಕಡೆ ಪೈಪ್ ಹೊರಡುವ ಜಾಗದ ಆಂಟಿ ಸೈಫನ್ ವಾಲ್ವ್ (ಪೆಟ್ರೋಲ್ ತಾನಾಗಿ ಹರಿಯದಂತೆ ತಡೆಯುವುದು) ಅಂಟಿಕೊಂಡಿರಬಹುದು, ಗಾಳಿ ಪೈಪ್‌ನಲ್ಲಿ ಜೇಡ ಗೂಡು ಕಟ್ಟಿರಬಹುದು.

ಫಿಲ್ಟರ್‌ನಿಂದ ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ಕೆಳಗೆ ಬೇರೆ ಪದರ ಕೂತರೆ ಅದು ನೀರು ಮತ್ತು ಎಥನಾಲ್. ಶೇ. 10 ಎಥನಾಲ್ ಇರುವ ಪೆಟ್ರೋಲ್ ತೇವ ಹೀರುತ್ತದೆ. ನೀರಿನ ಪ್ರಮಾಣ ಸುಮಾರು ಶೇ. 0.5 ದಾಟಿದರೆ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಟ್ಯಾಂಕ್‌ನ ಹೀರುಪೈಪ್ ಇರುವುದೂ ತಳದಲ್ಲೇ. ಒಮ್ಮೆ ಬೇರೆಯಾದದ್ದನ್ನು ಯಾವ ಬಾಟಲಿ ಔಷಧವೂ ಸರಿಮಾಡದು. ಪೂರ್ತಿ ತೆಗೆದು ಬಿಸಾಡಬೇಕು, ಅದೂ ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರದಲ್ಲಿ. ಮಿನೆಸೋಟದಲ್ಲಿ ಎಥನಾಲ್ ಇಲ್ಲದ ಪ್ರೀಮಿಯಂ ಪೆಟ್ರೋಲನ್ನು ಬೋಟ್, ಸಣ್ಣ ಎಂಜಿನ್‌ಗಳಿಗೆಂದು ಮಾರಲು ಅವಕಾಶವಿದೆ. ಚಳಿಗಾಲ ಕಳೆಯುವ ಪೆಟ್ರೋಲ್ ಅದೇ ಇರಲಿ, ಸ್ವಲ್ಪ ಜಾಸ್ತಿ ದುಡ್ಡಾದರೂ. ಬಂಕ್‌ನಲ್ಲಿ ಇ15 (ಶೇ. 15 ಎಥನಾಲ್ ಇರುವುದು) ಅಗ್ಗಕ್ಕೆ ಕಂಡರೂ ಬೋಟ್‌ಗೆ ಹಾಕುವಂತಿಲ್ಲ, ಅಮೆರಿಕದಲ್ಲಿ ಅದಕ್ಕೆ ನಿಷೇಧವೇ ಇದೆ.

ಊರಲ್ಲಿ ಮಳೆಗಾಲಕ್ಕೆಂದು ಔಟ್‌ಬೋರ್ಡ್ ಎತ್ತಿಡುವವರಿಗೂ ಈ ಭಾಗ ಹಾಗೇ ಹೊಂದುತ್ತದೆ. ನಮ್ಮ ಕರಾವಳಿಯಲ್ಲಿ ಐಸ್ ಕಾಟ ಇಲ್ಲ, ಆದರೆ ತೇವ ಇಲ್ಲಿಗಿಂತ ಎಷ್ಟೋ ಜಾಸ್ತಿ. ಮೇಲಾಗಿ ಈಗ ಅಲ್ಲಿನ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಇ20. ಬಹುತೇಕ ಔಟ್‌ಬೋರ್ಡ್‌ಗಳ ಮ್ಯಾನುಯಲ್ ಶೇ. 10ರ ತನಕ ಮಾತ್ರ ಒಪ್ಪುತ್ತದೆ. ಎಂಜಿನ್ ನಿಲ್ಲಿಸಿಡುವ ಮೊದಲು ಕೈಟ್ಯಾಂಕ್ ಮತ್ತು ಕಾರ್ಬೊರೇಟರ್ ಖಾಲಿ ಮಾಡುವುದು ಅಲ್ಲಿ ಇನ್ನೂ ಮುಖ್ಯ.

ಹೊಸ ಪೆಟ್ರೋಲ್ ಕೊಟ್ಟರೂ ಚೋಕ್ ಎಳೆದಾಗ ಮಾತ್ರ ಓಡುತ್ತದೆ, ಅಥವಾ ಜೋರಾಗಿ ಓಡಿಸಿದರೆ ಸರಿ, ನಿಧಾನಕ್ಕೆ ಬಿಟ್ಟರೆ ನಿಂತುಹೋಗುತ್ತದೆ ಅಂದರೆ ಕಾರ್ಬೊರೇಟರ್‌ನ ಸಣ್ಣ ಜೆಟ್‌ಗಳಲ್ಲಿ ಅಂಟು ಕಟ್ಟಿದೆ. ಹಳೆ ಪೆಟ್ರೋಲ್ ಆರಿ ಆದ ಅಂಟು ಅದು. ಸ್ವಲ್ಪವೇ ಇದ್ದರೆ ಕ್ಲೀನರ್ ಬೆರೆಸಿದ ಪೆಟ್ರೋಲ್‌ನಲ್ಲಿ ಓಡಿಸಿ ಬಿಡಿಸಬಹುದು. ಇಲ್ಲವಾದರೆ ಬಿಚ್ಚಿ ತೊಳೆಯುವುದೇ ದಾರಿ. ಜೆಟ್ ತೂತಿಗೆ ಗಟ್ಟಿ ತಂತಿ ಹಾಕಿ ದೊಡ್ಡದು ಮಾಡಬೇಡಿ. ಇಂಜೆಕ್ಷನ್ ಇರುವ ಎಂಜಿನ್ ಆದರೆ ಫಿಲ್ಟರ್‌ಗಳನ್ನು ಬದಲಿಸುವ ತನಕ ನಮ್ಮ ಕೆಲಸ, ಮುಂದಿನದು ಪ್ರೆಶರ್ ಗೇಜ್ ಇರುವವರದ್ದು.

ಬರೀ ಟಿಕ್ ಅನ್ನುತ್ತದೆ

ಇದು ಸುಲಭದ್ದು. ಗೇರ್ ನ್ಯೂಟ್ರಲ್‌ನಲ್ಲಿದೆಯಾ ನೋಡಿ, ಮಲ್ಟಿಮೀಟರ್ ಹಿಡಿಯಿರಿ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟ ಬ್ಯಾಟರಿ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ಪೂರ್ತಿ ತುಂಬಿದೆ, 12.2 ಅಂದರೆ ಸುಮಾರು ಅರ್ಧ. ಸ್ಟಾರ್ಟರ್ ತಿರುಗುವಾಗ 10ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ಶಕ್ತಿಯಿಲ್ಲ. ವೋಲ್ಟ್ ಚೆನ್ನಾಗಿದ್ದೂ ಬರೀ ಟಿಕ್ ಅಂದರೆ ಟರ್ಮಿನಲ್‌ಗಳ ಕಿಲುಬು ಉಜ್ಜಿ, ನೆಗೆಟಿವ್ ಕೇಬಲ್‌ನ ಎರಡೂ ತುದಿ ಬಿಗಿ ಮಾಡಿ. ಚಾರ್ಜ್ ಇಳಿದ ಲೆಡ್ ಆಸಿಡ್ ಬ್ಯಾಟರಿ ಮೈನಸ್ 10 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೇ ಹೆಪ್ಪುಗಟ್ಟುತ್ತದೆ, ತುಂಬಿದ್ದು ಮೈನಸ್ 50ರಲ್ಲೂ ಉಳಿಯುತ್ತದೆ. ಪಕ್ಕಗಳು ಉಬ್ಬಿದ್ದರೆ ಅದಕ್ಕೆ ಚಾರ್ಜರ್ ಹಾಕಲೇಬೇಡಿ, ಸಿಡಿಯಬಹುದು.

ಸ್ಟಾರ್ಟ್ ಆಯಿತು, ನೀರಿನ ಧಾರೆ ಇಲ್ಲ

ಒಣ ನೆಲದಲ್ಲಿ ಎಂಜಿನ್ ಓಡಿಸಬೇಕಾದರೆ ನೀರು ಹೀರುವ ತೂತುಗಳ ಮೇಲೆ ಮಫ್ (ಹೋಸ್ ಪೈಪ್ ಜೋಡಿಸುವ ರಬ್ಬರ್ ಬಟ್ಟಲುಗಳು) ಕೂರಿಸಿ, ಹೋಸ್ ಪೈಪ್ ಮೊದಲು ಬಿಟ್ಟು, ಆಮೇಲೆ ಸ್ಟಾರ್ಟ್ ಮಾಡಿ. ನೀರಿಲ್ಲದೆ ಒಂದು ನಿಮಿಷದೊಳಗೇ ಇಂಪೆಲ್ಲರ್‌ನ (ನೀರಿನ ಪಂಪ್ ಒಳಗೆ ತಿರುಗುವ ಚಕ್ರ) ರಬ್ಬರ್ ರೆಕ್ಕೆಗಳು ಸುಡುತ್ತವೆ. ಔಟ್‌ಬೋರ್ಡ್‌ನಲ್ಲಿ ಪಕ್ಕದ ಸಣ್ಣ ತೂತಿನಿಂದ ಧಾರೆ ಬರಬೇಕು. ಬರದಿದ್ದರೆ ಎಂಜಿನ್ ನಿಲ್ಲಿಸಿ, ಮಫ್ ಸರಿಯಾಗಿ ಕೂತಿದೆಯಾ ನೋಡಿ, ತೂತಿಗೆ ದಪ್ಪ ನೈಲಾನ್ ದಾರ ತೂರಿಸಿ. ಮಣ್ಣುಗೂಡು ಕಟ್ಟುವ ಕಣಜಗಳಿಗೆ ಈ ತೂತು ಬಲು ಇಷ್ಟ.

ಆಗಲೂ ಧಾರೆ ಇಲ್ಲವೆಂದರೆ ಇಂಪೆಲ್ಲರ್. ಅದರ ರೆಕ್ಕೆಗಳು ತಿಂಗಳುಗಟ್ಟಲೆ ಒಂದೇ ಕಡೆ ಬಾಗಿ ನಿಂತು ಹಾಗೇ ಉಳಿದುಬಿಡುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ಬಿಚ್ಚಿದಾಗ ರೆಕ್ಕೆಗಳನ್ನು ಎಣಿಸಿ. ಒಂದು ಮುರಿದಿದ್ದರೆ ಆ ಚೂರು ಮೇಲೆ ಎಲ್ಲೋ ಸಿಕ್ಕಿಕೊಂಡಿದೆ. ಅದನ್ನು ಹುಡುಕಿ ತೆಗೆಯದೆ ಹೊಸ ಇಂಪೆಲ್ಲರ್ ಹಾಕಿದರೆ ಎಂಜಿನ್ ಮತ್ತೆ ಬಿಸಿಯಾಗುತ್ತದೆ. ಧಾರೆ ಜೋರಾಗಿದ್ದೂ ಬಿಸಿಯ ಅಲಾರಂ ಕೂಗಿದರೆ ಥರ್ಮೋಸ್ಟಾಟ್ ತೆಗೆದು ಬಿಸಿನೀರಲ್ಲಿ ಇಟ್ಟು ತೆರೆಯುತ್ತದೆಯಾ ನೋಡಿ.

ಸ್ಟಿಯರಿಂಗ್ ಅಥವಾ ಗೇರ್ ಕೇಬಲ್ ಬಿಗಿಯಾಗಿದ್ದರೆ ಬಲ ಹಾಕಬೇಡಿ. ಹಳೆ ಗ್ರೀಸ್ ಗಟ್ಟಿಯಾಗಿರುತ್ತದೆ, ಒರೆಸಿ ಹೊಸದು ತುಂಬಿಸಿ. ಕೇಬಲ್‌ನೊಳಗೇ ತುಕ್ಕು ಹಿಡಿದಿದ್ದರೆ ಬದಲಿಸುವುದೊಂದೇ ದಾರಿ.

ಅಕ್ಟೋಬರ್ ಕೆಲಸದ ಕ್ರಮ

ಏನು ಮಾಡಬೇಕು ಅನ್ನುವುದು ಎಲ್ಲ ಮ್ಯಾನುಯಲ್‌ನಲ್ಲೂ ಇದೆ. ಯಾವುದು ಮೊದಲು ಅನ್ನುವುದರಲ್ಲೇ ಜನ ಎಡವುತ್ತಾರೆ. ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಟ್ಯಾಂಕ್‌ಗೆ ಹಾಕಿ, ಎಂಜಿನ್ ಹತ್ತು ಹದಿನೈದು ನಿಮಿಷ ಓಡಬೇಕು. ಆಗ ಮಾತ್ರ ಅದು ಕಾರ್ಬೊರೇಟರ್ ತನಕ ತಲುಪುತ್ತದೆ. ಟ್ಯಾಂಕ್‌ಗೆ ಸುರಿದು ಮುಚ್ಚಿದರೆ ಅಂಟು ಕಟ್ಟುವ ಜಾಗದಲ್ಲಿ ಹಳೆ ಪೆಟ್ರೋಲೇ ಉಳಿಯುತ್ತದೆ. ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಬದಲಿಸಿ. ಇದನ್ನು ವಸಂತಕ್ಕೆ ಮುಂದೂಡುವವರು ಜಾಸ್ತಿ, ಆದರೆ ಬಳಸಿದ ಆಯಿಲ್‌ನ ತೇವ, ಆಸಿಡ್ ಚಳಿಗಾಲವಿಡೀ ಬೇರಿಂಗ್ ಮೇಲೆ ಕೂರುವುದು ಬೇಡ. ಫಾಗಿಂಗ್ ಬೇಕಾ ಬೇಡವಾ ಅನ್ನುವುದಕ್ಕೆ ನಿಮ್ಮ ಎಂಜಿನ್‌ನ ಮ್ಯಾನುಯಲ್ ಮಾತೇ ಕೊನೆ. ಗೇರ್ ಆಯಿಲ್, ನೀರು ಬಸಿಯುವುದು, ಆಂಟಿಫ್ರೀಜ್ ಇವು ಆಮೇಲೆ. ಲೈವ್‌ವೆಲ್ (ಹಿಡಿದ ಮೀನು ಜೀವಂತ ಇಡುವ ತೊಟ್ಟಿ) ಪಂಪ್, ಬಿಲ್ಜ್ (ಬೋಟ್ ತಳದ ನೀರು ಹೊರಹಾಕುವ) ಪಂಪ್‌ಗಳ ನೀರನ್ನೂ ಮರೆಯಬೇಡಿ. ಬ್ಯಾಟರಿ ತೆಗೆದು ಮನೆಗೆ. ಟಾರ್ಪಾಲು ಬಿಗಿಯಾಗಿ ಕಟ್ಟಿ, ಆದರೆ ಗಾಳಿಯಾಡಲು ಜಾಗ ಬಿಡಿ, ಇಲ್ಲದಿದ್ದರೆ ಸೀಟುಗಳಿಗೆ ಬೂಷ್ಟು ಹಿಡಿಯುತ್ತದೆ.

ತೆಗೆದ ಡ್ರೈನ್ ಪ್ಲಗ್‌ಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಸ್ಟಿಯರಿಂಗ್‌ಗೇ ಕಟ್ಟಿಬಿಡಿ. ವಸಂತದಲ್ಲಿ ಅದನ್ನು ಬಿಚ್ಚದೆ ಬೋಟ್ ತಿರುಗಿಸಲಾಗದು.

ಮೊದಲ ಸಲ ನೀರಿಗೆ ಇಳಿಸುವಾಗ

ಕೆರೆಯಿಂದ ಕೆರೆಗೆ ಜೀಬ್ರಾ ಮಸಲ್ ಎಂಬ ಹೊರಗಿಂದ ಬಂದ ಚಿಪ್ಪುಜೀವಿಯಂಥವು ಹರಡಬಾರದೆಂದು ಮಿನೆಸೋಟ ಕಾನೂನು ರಸ್ತೆಯಲ್ಲಿ ಹೋಗುವಾಗ ಬೋಟ್ ತಳದ ಡ್ರೈನ್ ಪ್ಲಗ್ ತೆಗೆದಿರಬೇಕು ಎನ್ನುತ್ತದೆ. ಅದರಿಂದಲೇ ಪ್ಲಗ್ ಹಾಕದೆ ನೀರಿಗಿಳಿಸುವ ಪ್ರಸಂಗಗಳೂ ಆಗುತ್ತವೆ. ರ‍್ಯಾಂಪ್ ತಲುಪಿದ ಮೇಲೆ ಪ್ಲಗ್ ಹಾಕಿ, ಕೈಯಿಂದ ಮುಟ್ಟಿ ನೋಡಿ. ಹಿಂದಿನ ಬೆಲ್ಟ್ ಬಿಚ್ಚಿ, ಮುಂದಿನ ವಿಂಚ್ ಹುಕ್ ಹಾಗೇ ಇಟ್ಟುಕೊಂಡು, ಟ್ರೇಲರ್ ಮೇಲಿದ್ದಂತೆಯೇ ಎಂಜಿನ್ ಭಾಗವನ್ನು ನೀರಿಗಿಳಿಸಿ. ಅಲ್ಲೇ ಸ್ಟಾರ್ಟ್ ಮಾಡಿ, ಐದು ನಿಮಿಷ ಓಡಲು ಬಿಟ್ಟು ಬೋಟ್ ತಳದಲ್ಲಿ ನೀರು ಬರುತ್ತಿದೆಯಾ ನೋಡಿ. ಹಿಂದೆ ಯಾರಾದರೂ ಕಾಯುತ್ತಿದ್ದರೆ "ಮೊದಲ ಓಟ" ಅಂತ ಹೇಳಿ, ಇಲ್ಲಿ ಎಲ್ಲರೂ ಅರ್ಥ ಮಾಡಿಕೊಳ್ಳುತ್ತಾರೆ.

ದಡದ ಹತ್ತಿರವೇ ಅರ್ಧ ಗಂಟೆ ಓಡಿಸಿ. ಒಮ್ಮೆ ಪೂರ್ತಿ ವೇಗಕ್ಕೆ ಹೋಗಿ ನೋಡಿ, ಪೆಟ್ರೋಲ್ ಸಾಲದ ದೋಷ ಹೊರಬೀಳುವುದು ಆಗಲೇ. ಮರಳಿದ ಮೇಲೆ ಡಿಪ್‌ಸ್ಟಿಕ್ ಇನ್ನೊಮ್ಮೆ ಎಳೆಯಿರಿ. ಬಿಸಿಯಾದಾಗ ಮಾತ್ರ ಬಾಯ್ಬಿಡುವ ಕೂದಲೆಳೆ ಬಿರುಕು ಇದ್ದರೆ ಈಗ ಆಯಿಲ್ ಬಣ್ಣದಲ್ಲಿ ಗೊತ್ತಾಗುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಒಮ್ಮೆ ನಿಲ್ಲಿಸಿ ಟ್ರೇಲರ್ ಚಕ್ರದ ನಡುಭಾಗಕ್ಕೆ ಕೈ ಹತ್ತಿರ ಹಿಡಿಯಿರಿ. ಒಂದು ಚಕ್ರ ಇನ್ನೊಂದಕ್ಕಿಂತ ತೀರಾ ಬಿಸಿಯಾಗಿದ್ದರೆ ಬೇರಿಂಗ್ ಹೋಗುತ್ತಿದೆ. ನಿಧಾನವಾಗಿ ಮನೆ ಸೇರಿ, ಮುಂದಿನ ವಾರಾಂತ್ಯಕ್ಕೆ ಮೊದಲು ಬಿಚ್ಚಿ ಗ್ರೀಸ್ ತುಂಬಿಸಿ.